ಲೇಸರ್ ಚಿಕಿತ್ಸೆಯ ಕೇಂದ್ರ ಇರಬೇಕಾದದ್ದು ಪಾಪೆಯ ನಡುವೆಯೋ, ಬೆಳಕಿನ ಚುಕ್ಕೆಯ ಮೇಲೆಯೋ?

ಪ್ರಶ್ನೆ
ಬರೆದವರು: ಹಾಸನದ ಅಣ್ಣ

ನನ್ನ ತಂಗಿಗೆ ಈಗ 27 ವರ್ಷ. ಅವಳು ಶಾಲೆಗೆ ಸೇರಿದ ದಿನಗಳಿಂದಲೂ ಪ್ಲಸ್ ಪವರಿನ ಕನ್ನಡಕ ಹಾಕುತ್ತಿದ್ದಾಳೆ. ಬಲಗಣ್ಣಿಗೆ ಪ್ಲಸ್ 3.25, ಜೊತೆಗೆ 1.50 ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್), ಎಡಗಣ್ಣಿಗೆ ಪ್ಲಸ್ 2.75, ಅದರಲ್ಲಿ ಸಿಲಿಂಡರ್ ತೀರಾ ಕಡಿಮೆ. ಲ್ಯಾಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ, ಮಾಡಿಸಿಕೊಳ್ಳಬೇಕೆಂಬುದು ಅವಳ ಬಹುದಿನದ ಆಸೆಯಾದ್ದರಿಂದ ಕಳೆದ ತಿಂಗಳು ಬೆಂಗಳೂರಿನ ಎರಡು ಆಸ್ಪತ್ರೆಗಳಲ್ಲಿ ತಪಾಸಣೆ ಮಾಡಿಸಿದೆವು. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ದಪ್ಪ ಮತ್ತು ಆಕಾರ ಎರಡೂ ಸರಿಯಾಗಿವೆ, ಚಿಕಿತ್ಸೆ ಮಾಡಬಹುದು ಎಂಬ ಮಾತಿನಲ್ಲಿ ಎರಡೂ ಕಡೆಯವರು ಒಪ್ಪಿದರು.

ತೊಡಕು ಬಂದದ್ದು ಬೇರೆ ವಿಷಯದಲ್ಲಿ. ಮೊದಲ ಆಸ್ಪತ್ರೆಯ ವೈದ್ಯರು ಬಲಗಣ್ಣಿನ ವರದಿಯಲ್ಲಿದ್ದ ಒಂದು ಅಂಕಿಯ ಮೇಲೆ ಬೆರಳಿಟ್ಟು, ಇವರಿಗೆ ಕಪ್ಪಾ ಕೋನ ಹೆಚ್ಚಾಗಿದೆ, ಆದ್ದರಿಂದ ಲೇಸರ್ ಚಿಕಿತ್ಸೆಯ ಕೇಂದ್ರವನ್ನು ಪಾಪೆಯ ನಡುವಿನಿಂದ ಮೂಗಿನ ಕಡೆಗೆ ಸರಿಸಬೇಕಾಗುತ್ತದೆ ಎಂದರು. ಆ ಅಂಕಿ 0.43 ಮಿಲಿಮೀಟರ್. ಎರಡನೆಯ ಆಸ್ಪತ್ರೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗ, ನಮ್ಮ ಯಂತ್ರದಲ್ಲಿ ಐ ಟ್ರ್ಯಾಕರ್ ಇದೆ, ಅದು ಪಾಪೆಯ ನಡುವನ್ನೇ ಹಿಡಿದು ಕಣ್ಣು ಎತ್ತ ಹೋದರೂ ಹಿಂಬಾಲಿಸುತ್ತದೆ, ಸರಿಸುವ ಪ್ರಶ್ನೆಯೇ ಬರುವುದಿಲ್ಲ ಎಂಬ ಉತ್ತರ ಬಂತು. ಇಬ್ಬರೂ ಅನುಭವಿಗಳೇ. ಅರ್ಧ ಮಿಲಿಮೀಟರಿಗೂ ಕಡಿಮೆ ಇರುವ ಈ ಅಂತರ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆಯೇ? ಬರುವುದಾದರೆ ಇಬ್ಬರಲ್ಲಿ ಯಾರ ಮಾತು ಸರಿ?

ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು, ಆದರೂ ಹೇಳಿಬಿಡುತ್ತೇನೆ. ತಂಗಿ ಚಿಕ್ಕವಳಿದ್ದಾಗ ನಮ್ಮ ಅಜ್ಜಿ, ಈ ಮಗುವಿನ ಬಲಗಣ್ಣು ಕಿವಿಯ ಕಡೆಗೆ ಜಾರಿದ ಹಾಗಿದೆ ಎಂದು ಆಗಾಗ ಹೇಳುತ್ತಿದ್ದರು. ತೋರಿಸಿದಾಗ ಮೆಳ್ಳೆಗಣ್ಣು ಇಲ್ಲವೆಂದು ವೈದ್ಯರು ಹೇಳಿದ್ದರು.

ಉತ್ತರ 1
ಬರೆದವರು: ಪೆನ್‌ಟಾರ್ಚ್

ನಾನು ವೈದ್ಯೆಯಲ್ಲ, ಆಪ್ಟೊಮೆಟ್ರಿಸ್ಟ್. ಲೇಸರ್ ವಿಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನ ಅಳತೆಗಳನ್ನು ತೆಗೆಯುವುದೇ ಹದಿನಾಲ್ಕು ವರ್ಷಗಳಿಂದ ನನ್ನ ಕೆಲಸ. ನಿಮ್ಮ ಅಜ್ಜಿಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರು ಯಂತ್ರವಿಲ್ಲದೆ ಕಂಡದ್ದನ್ನೇ ಮೊದಲ ಆಸ್ಪತ್ರೆಯವರು ಯಂತ್ರದಲ್ಲಿ ಅಳೆದಿದ್ದಾರೆ.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಪುಟ್ಟ ಕುಳಿಯೊಂದಿದೆ. ಅದಕ್ಕೆ ಫೋವಿಯಾ ಎನ್ನುತ್ತಾರೆ. ಆ ಕುಳಿ ಕಣ್ಣಿನ ಸರಿಯಾದ ಹಿಂಬದಿಯಲ್ಲಿ ಇರುವುದಿಲ್ಲ, ಕಿವಿಯ ಕಡೆಗೆ ಸುಮಾರು ಐದು ಡಿಗ್ರಿ ಓರೆಯಾಗಿ ಇರುತ್ತದೆ. ಆದ್ದರಿಂದ ನಾವು ನೇರವಾಗಿ ಒಂದು ವಸ್ತುವನ್ನು ನೋಡುವಾಗ, ಆ ವಸ್ತುವಿನಿಂದ ಫೋವಿಯಾಕ್ಕೆ ಹೋಗುವ ದೃಷ್ಟಿರೇಖೆ ಕಾರ್ನಿಯಾವನ್ನು ಪಾಪೆಯ ನಟ್ಟನಡುವೆ ದಾಟದೆ ಸ್ವಲ್ಪ ಮೂಗಿನ ಕಡೆಯಲ್ಲಿ ದಾಟುತ್ತದೆ. ಪಾಪೆಯ ನಡುವಿನ ಮೂಲಕ ಕಾರ್ನಿಯಾಕ್ಕೆ ಲಂಬವಾಗಿ ಎಳೆದ ರೇಖೆಗೂ ಈ ದೃಷ್ಟಿರೇಖೆಗೂ ನಡುವಿನ ಕೋನವೇ ಕಪ್ಪಾ. ಪ್ಲಸ್ ಪವರಿನ ಕಣ್ಣು ಸಾಮಾನ್ಯವಾಗಿ ಹಿಂದೆ-ಮುಂದೆ ಗಿಡ್ಡ. ಗಿಡ್ಡ ಕಣ್ಣಿನಲ್ಲಿ ಫೋವಿಯಾ ಅಷ್ಟೇ ದೂರ ಪಕ್ಕಕ್ಕಿದ್ದರೂ ಕೋನ ದೊಡ್ಡದಾಗುತ್ತದೆ. ಮೈನಸ್ ಪವರಿನವರಲ್ಲಿ ಬಹಳ ಸಲ ಗಮನಕ್ಕೇ ಬಾರದ ಈ ಅಂತರ ಪ್ಲಸ್ ಪವರಿನವರಲ್ಲಿ ಎದ್ದು ಕಾಣುವುದು ಇದೇ ಕಾರಣಕ್ಕೆ.

ಇದನ್ನು ಮನೆಯಲ್ಲೇ ನೋಡಬಹುದು. ತಂಗಿಯನ್ನು ಎದುರಿಗೆ ಕೂರಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಮಂದ ಬೆಳಕಿನ ಚಿಕ್ಕ ಟಾರ್ಚನ್ನು ನಿಮ್ಮ ಒಂದು ಕಣ್ಣಿನ ಕೆಳಗೇ ಹಿಡಿದು, ಅದನ್ನೇ ನೋಡಲು ಹೇಳಿ. ಅವಳ ಕಾರ್ನಿಯಾದ ಮೇಲೆ ಬಿಳಿಯ ಚುಕ್ಕೆಯೊಂದು ಹೊಳೆಯುತ್ತದೆ. ಅದು ಪಾಪೆಯ ನಡುವಿನಲ್ಲಿರದೆ ಮೂಗಿನ ಕಡೆಗೆ ಸರಿದಿದ್ದರೆ ಅದೇ ಕಪ್ಪಾ. ಚುಕ್ಕೆ ಮೂಗಿನತ್ತ ಸರಿದ ಕಣ್ಣು ನೋಡುವವರಿಗೆ ಹೊರಕ್ಕೆ ಜಾರಿದಂತೆ ತೋರುತ್ತದೆ, ನಿಜವಾದ ಮೆಳ್ಳೆ ಇರುವುದಿಲ್ಲ. ಅಜ್ಜಿ ಹೇಳಿದ್ದೂ ತಪ್ಪಲ್ಲ, ಅಂದಿನ ವೈದ್ಯರು ಹೇಳಿದ್ದೂ ತಪ್ಪಲ್ಲ.

ಇನ್ನು ಕೇಂದ್ರದ ವಿಷಯ. ಪಾಪೆಯ ನಡುವನ್ನು ಗುರುತಾಗಿ ಇಟ್ಟುಕೊಳ್ಳುವುದರಲ್ಲಿ ನನ್ನಂಥ ಅಳತೆಗಾರರಿಗೆ ದಿನವೂ ಎದುರಾಗುವ ಕಷ್ಟವೊಂದಿದೆ: ಪಾಪೆಯ ನಡು ಒಂದೇ ಕಡೆ ನಿಲ್ಲುವುದಿಲ್ಲ. ಪಾಪೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಕುಗ್ಗುವುದಿಲ್ಲವಾದ್ದರಿಂದ, ಬೆಳಕು ಹೆಚ್ಚಾಗಿ ಅದು ಕಿರಿದಾದಾಗ ಅದರ ಕೇಂದ್ರ ಸಾಮಾನ್ಯವಾಗಿ ಮೂಗಿನ ಕಡೆಗೂ, ಕತ್ತಲಲ್ಲಿ ಹಿಗ್ಗಿದಾಗ ಕಿವಿಯ ಕಡೆಗೂ ಜರುಗುತ್ತದೆ. ಹೆಚ್ಚಿನವರಲ್ಲಿ ಈ ಜರುಗುವಿಕೆ 0.1 ಅಥವಾ 0.2 ಮಿ.ಮೀ. ಅಷ್ಟೇ, ಕೆಲವರಲ್ಲಿ ಅರ್ಧ ಮಿಲಿಮೀಟರನ್ನೂ ದಾಟುತ್ತದೆ. ಹೀಗಾಗಿ ನಿಮ್ಮ ವರದಿಯ 0.43 ಎಂಬ ಅಂಕಿಯನ್ನು, ಅಂದರೆ ಪಾಪೆಯ ನಡುವಿನಿಂದ ಚುಕ್ಕೆಗಿರುವ ದೂರವನ್ನು, ಓದುವಾಗ, ಆ ಕ್ಷಣದಲ್ಲಿ ಪಾಪೆಯ ವ್ಯಾಸ ಎಷ್ಟಿತ್ತು ಎಂಬುದನ್ನೂ ಜೊತೆಯಲ್ಲೇ ಓದಬೇಕು. ಬಹುತೇಕ ವರದಿಗಳಲ್ಲಿ ಅದು ಮುದ್ರಿತವಾಗಿಯೇ ಇರುತ್ತದೆ, ಯಾರೂ ನೋಡುವುದಿಲ್ಲ. ಕಾರ್ನಿಯಾದ ಮೇಲಿನ ಬೆಳಕಿನ ಚುಕ್ಕೆಯಾದರೋ ಪಾಪೆ ಹಿಗ್ಗಿದರೂ ಕುಗ್ಗಿದರೂ ತನ್ನ ಜಾಗ ಬಿಡುವುದಿಲ್ಲ. ಪ್ಲಸ್ ಪವರಿಗೆ ನನ್ನ ಒಲವು ಆ ಚುಕ್ಕೆಯ ಕಡೆಗೆ.

ಇನ್ನೊಂದು ವಿಷಯವನ್ನು ದಯವಿಟ್ಟು ಮರೆಯಬೇಡಿ. ಪ್ಲಸ್ ಪವರಿನವರಿಗೆ ಪೂರ್ತಿ ಪವರ್ ತಿಳಿಯಲು ಹನಿ ಹಾಕಿ ಪಾಪೆ ಹಿಗ್ಗಿಸಿ ಪರೀಕ್ಷಿಸುತ್ತೇವೆ. ಆ ಹನಿಯ ಪ್ರಭಾವ ಪೂರ್ತಿ ಇಳಿಯುವ ಮೊದಲು ತೆಗೆದ ಕಪ್ಪಾ ಅಳತೆಯನ್ನು ನಂಬಲಾಗದು.

ಉತ್ತರ 2
ಬರೆದವರು: ಕೋಟೆಯ ಊರಿನವನು

ಅರ್ಧ ಮಿಲಿಮೀಟರ್ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಅದಕ್ಕೆ ಶಾಸ್ತ್ರದ ಉತ್ತರವನ್ನು ಬಲ್ಲವರು ಕೊಡುತ್ತಾರೆ, ನಾನು ಅನುಭವಿಸಿದ್ದನ್ನು ಹೇಳುತ್ತೇನೆ.

ನನ್ನದು ಮೈನಸ್ ಪವರ್, ಎರಡೂ ಕಣ್ಣಿಗೆ ಐದರ ಆಸುಪಾಸು. ಹದಿನೈದು ವರ್ಷಕ್ಕೂ ಹಿಂದೆ ಒಂದು ಊರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಸಿಕ್ ಮಾಡಿಸಿಕೊಂಡೆ. ಬಲಗಣ್ಣು ಚೆನ್ನಾಗಿ ಆಯಿತು, ಇಂದಿಗೂ ಚೆನ್ನಾಗಿದೆ. ಎಡಗಣ್ಣಿನ ಸರದಿ ಬಂದಾಗ, ಫ್ಲಾಪ್ (ಕೆತ್ತನೆಗಾಗಿ ಬಾಗಿಲಿನಂತೆ ತೆರೆಯುವ ಕಾರ್ನಿಯಾದ ಮೇಲ್ಪದರ) ಎತ್ತಿದ ಕೂಡಲೇ ನಾನು ನೋಡುತ್ತಿರಬೇಕಾಗಿದ್ದ ಮಿನುಗುವ ದೀಪ ನೀರಿನಲ್ಲಿ ಕದಡಿದ ಬಣ್ಣದಂತೆ ಹರಡಿಹೋಯಿತು. ಅದೇ ದೀಪವೋ ಪಕ್ಕದ ಇನ್ನೊಂದು ಬೆಳಕೋ ಎಂಬುದು ತಿಳಿಯದೆ, ಕೇಳಲು ಹೆದರಿ, ಹೆಚ್ಚು ಪ್ರಕಾಶವಾಗಿ ಕಂಡದ್ದನ್ನು ನೋಡುತ್ತಾ ಮಲಗಿದ್ದೆ. ಆ ಯಂತ್ರದಲ್ಲಿ ಟ್ರ್ಯಾಕರ್ ಇತ್ತೋ ಇಲ್ಲವೋ ಎಂದು ವಿಚಾರಿಸುವ ತಿಳಿವಳಿಕೆ ಆಗ ನನಗಿರಲಿಲ್ಲ.

ಮರುದಿನ ಚಾರ್ಟಿನಲ್ಲಿ ಕೊನೆಯ ಸಾಲಿನವರೆಗೆ ಓದಿದೆ, ಎಲ್ಲರೂ ಅಭಿನಂದಿಸಿದರು. ತೊಂದರೆ ತಿಳಿದದ್ದು ರಾತ್ರಿಯಲ್ಲಿ. ಬಲಗಣ್ಣು ಮುಚ್ಚಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ನೋಡಿದರೆ ಪ್ರತಿ ಅಕ್ಷರದ ಕೆಳಗೂ ಒಂದು ಮಸುಕಾದ ಒತ್ತಕ್ಷರ ಅಂಟಿಕೊಂಡಿರುತ್ತಿತ್ತು. “ಹೊಸಪೇಟೆ” ಎಂಬುದನ್ನು ಓದಲು ಮನಸ್ಸಿನಲ್ಲೇ ಆ ಒತ್ತುಗಳನ್ನೆಲ್ಲ ಅಳಿಸಬೇಕಾಗುತ್ತಿತ್ತು. ಬೀದಿದೀಪಗಳಿಗೆ ಒಂದೇ ಬದಿಗೆ ಬಾಲ, ಧೂಮಕೇತುವಿನಂತೆ. ದೀಪದ ಸುತ್ತ ದುಂಡಗಿನ ಪ್ರಭೆಯಾಗಿದ್ದರೆ ಬೇರೆ ಮಾತು, ಇದು ಯಾವಾಗಲೂ ಕೆಳಗೆ ಎಡಕ್ಕೇ ಬೀಳುತ್ತಿತ್ತು. ಆಸ್ಪತ್ರೆಯವರು ಕಣ್ಣು ಒಣಗಿದೆ ಎಂದು ಆರು ತಿಂಗಳು ಹನಿ ಹಾಕಿಸಿದರು. ಕಣ್ಣು ಒಣಗಿದ್ದೂ ಸುಳ್ಳಲ್ಲ. ಆದರೆ ಒಣಗುವಿಕೆಯಿಂದ ಬರುವ ಮಂಜು ರೆಪ್ಪೆ ಬಡಿದಾಗ ಬದಲಾಗುತ್ತದೆ. ನನ್ನ ಬಾಲ ರೆಪ್ಪೆ ಬಡಿದರೂ ಕದಲುತ್ತಿರಲಿಲ್ಲ.

ಕೊನೆಗೆ ಬೇರೆ ಕಡೆ ಹೋದಾಗ ಅಲ್ಲಿನ ವೈದ್ಯರು ಕಾರ್ನಿಯಾದ ಉಬ್ಬುತಗ್ಗು ತೋರಿಸುವ ಟೊಪೋಗ್ರಫಿ ತೆಗೆಸಿ, ಬಣ್ಣದ ನಕ್ಷೆಯಲ್ಲಿ ಲೇಸರ್ ಚಪ್ಪಟೆ ಮಾಡಿದ ನೀಲಿಯ ದುಂಡು ಪಾಪೆಯ ಗೆರೆಯಿಂದ ಪಕ್ಕಕ್ಕೆ ಜಾರಿರುವುದನ್ನು ತೋರಿಸಿದರು. ಸುಮಾರು 0.9 ಮಿ.ಮೀ. ನಂಬಿಕೆ ಬರಲೆಂದು ಅಲ್ಲಿಯೇ ಒಂದು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಗೋಡೆಯ ದೀಪ ನೋಡಲು ಹೇಳಿದರು. ಬಾಲ ಮಾಯ. ಲೆನ್ಸಿನ ಕೆಳಗೆ ಕಣ್ಣೀರು ತುಂಬಿಕೊಂಡು ಕಾರ್ನಿಯಾದ ಏರುಪೇರನ್ನು ಸಮಮಾಡುವುದರಿಂದ, ಲೆನ್ಸ್ ಹಾಕಿದಾಗ ಸರಿಹೋದರೆ ತೊಂದರೆ ಕಾರ್ನಿಯಾದ ಮೇಲ್ಮೈಯಲ್ಲಿಯೇ ಇದೆ ಎಂದು ಅರ್ಥವಂತೆ. ಮುಂದೆ ಟೊಪೋಗ್ರಫಿಯ ನಕ್ಷೆಯನ್ನೇ ಆಧರಿಸಿ ಎರಡನೆಯ ಸಲ ಲೇಸರ್ ಮಾಡಿದರು. ಬಾಲದ ಮುಕ್ಕಾಲು ಪಾಲು ಹೋಗಿದೆ. ಉಳಿದ ಕಾಲು ಭಾಗ ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಎದುರಿನಿಂದ ಲಾರಿ ಬಂದಾಗ ನೆನಪಾಗುತ್ತದೆ.

ಉತ್ತರ 3
ಬರೆದವರು: ಬೆಳಕಿನ ಲೆಕ್ಕ

ಕಾಲೇಜಿನಲ್ಲಿ ದ್ಯುತಿಶಾಸ್ತ್ರ ಪಾಠ ಮಾಡುವವನು ನಾನು. ವೈದ್ಯಕೀಯ ಸಲಹೆ ಕೊಡುವ ಅಧಿಕಾರ ನನಗಿಲ್ಲ. ಆದರೆ ಎರಡನೆಯ ಆಸ್ಪತ್ರೆಯವರು ಟ್ರ್ಯಾಕರ್ ಬಗ್ಗೆ ಹೇಳಿದ ಮಾತು ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ ಎಂಬುದನ್ನು ಹೇಳಲು ಆ ಅಧಿಕಾರ ಬೇಕಿಲ್ಲ.

ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಯಿರಿ. ಹಗ್ಗ ಎಷ್ಟೇ ಗಟ್ಟಿಯಾಗಿದ್ದರೂ ಹಸು ಸುತ್ತುವುದು ಗೂಟ ನೆಟ್ಟ ಜಾಗದ ಸುತ್ತಲೇ. ಐ ಟ್ರ್ಯಾಕರ್ ಆ ಹಗ್ಗ. ಈಗಿನ ಕೆಲವು ಯಂತ್ರಗಳ ಟ್ರ್ಯಾಕರ್‌ಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಕಣ್ಣಿನ ಸ್ಥಾನವನ್ನು ನೋಡಿ, ಒಂದು ಮಿಲಿಮೀಟರಿಗಿಂತ ಕಿರಿದಾದ ಲೇಸರ್ ಚುಕ್ಕೆಯನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತವೆ. ಅದು ಅದ್ಭುತವೇ ಸರಿ. ಆದರೆ ಗೂಟವನ್ನು ಎಲ್ಲಿ ನೆಡಬೇಕೆಂದು ಯಂತ್ರಕ್ಕೆ ಹೇಳುವವರು ಶಸ್ತ್ರವೈದ್ಯರು. ತಪ್ಪು ಜಾಗದಲ್ಲಿ ನೆಟ್ಟರೆ ಟ್ರ್ಯಾಕರ್ ಆ ತಪ್ಪು ಜಾಗವನ್ನೇ ಅತ್ಯಂತ ನಿಷ್ಠೆಯಿಂದ ಕಾಯುತ್ತದೆ. ಪಾಪೆಯನ್ನೇ ಗುರುತಾಗಿ ಇಟ್ಟುಕೊಂಡ ಟ್ರ್ಯಾಕರ್ ಆದರೆ, ಚಿಕಿತ್ಸೆಯ ನಡುವೆ ಬೆಳಕು ಬದಲಾಗಿ ಪಾಪೆಯ ಕೇಂದ್ರ ಜರುಗಿದರೆ ಗೂಟವೇ ಜರುಗಿದಂತೆ. ಪಾಪೆಯ ಜೊತೆಗೆ ಕಪ್ಪುಗುಡ್ಡೆಯ ಅಂಚನ್ನೂ ನೋಡಿಕೊಳ್ಳುವ ಯಂತ್ರಗಳು ಬಂದದ್ದು ಇದಕ್ಕಾಗಿ.

ಪ್ಲಸ್ ಪವರಿನಲ್ಲಿ ಅರ್ಧ ಮಿಲಿಮೀಟರ್ ಏಕೆ ಹೆಚ್ಚು ಕಾಡುತ್ತದೆ ಎಂಬುದಕ್ಕೆ ಕಾರ್ನಿಯಾದ ಮೇಲೆ ಲೇಸರ್ ಎಲ್ಲಿ ಕೆತ್ತುತ್ತದೆ ಎಂಬುದನ್ನು ನೋಡಬೇಕು. ಮೈನಸ್ ಪವರಿಗೆ ನಡುವೆ ಹೆಚ್ಚು, ಅಂಚಿಗೆ ಕಡಿಮೆ ಕೆತ್ತಿ ಕಾರ್ನಿಯಾವನ್ನು ಚಪ್ಪಟೆ ಮಾಡುತ್ತಾರೆ. ಅದರ ಆಳಕ್ಕೆ ಒಂದು ಸರಳ ಸೂತ್ರವಿದೆ: ಚಿಕಿತ್ಸಾ ವಲಯದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ, ಪವರಿನಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಮೈಕ್ರಾನಿನಲ್ಲಿ ಆಳ ಸಿಗುತ್ತದೆ. 6 ಮಿ.ಮೀ. ವಲಯವಾದರೆ ಒಂದು ಡಯಾಪ್ಟರಿಗೆ (ಒಂದು ಪವರಿಗೆ) 12 ಮೈಕ್ರಾನ್, 6.5 ಆದರೆ ಸುಮಾರು 14. ವಲಯ 6.5 ಮಿ.ಮೀ., ರಾತ್ರಿಯ ಪಾಪೆ 5.5 ಮಿ.ಮೀ. ಎಂದುಕೊಳ್ಳಿ, ಸುತ್ತಲೂ ಅರ್ಧ ಮಿಲಿಮೀಟರ್ ಅಂಚು ಉಳಿಯುತ್ತದೆ. ವಲಯ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಒಂದು ಬದಿಯ ಅಂಚು ಸೊನ್ನೆ. ಅದಕ್ಕಿಂತ ಹೆಚ್ಚು ಸರಿದರೆ ಪಾಪೆಯ ಒಂದು ಬದಿಯಿಂದ ಚಿಕಿತ್ಸೆಯಾದ ಕಾರ್ನಿಯಾದ ಬೆಳಕೂ ಇನ್ನೊಂದು ಬದಿಯಿಂದ ವಲಯದ ಅಂಚಿನಾಚೆಯ ಇಳಿಜಾರಿನ ಬೆಳಕೂ ಒಟ್ಟಿಗೆ ಒಳಗೆ ಬರುತ್ತವೆ. ಮೇಲೆ ಬರೆದವರ ಬಾಲವೂ ಒತ್ತಕ್ಷರವೂ ಹುಟ್ಟುವುದು ಹೀಗೆ. ಈ ದೋಷದ ಹೆಸರು ಕೋಮಾ. ಧೂಮಕೇತುವಿನ ತಲೆಯ ಸುತ್ತಲಿನ ಮಂಜಿಗೂ ಅದೇ ಹೆಸರಿರುವುದು ಆಕಸ್ಮಿಕವಲ್ಲ.

ಪ್ಲಸ್ ಪವರಿಗೆ ಕೆತ್ತನೆ ತಿರುಗುಮುರುಗು. ನಡುವನ್ನು ಹೆಚ್ಚುಕಡಿಮೆ ಮುಟ್ಟದೆ ಅದರ ಸುತ್ತ ಬಳೆಯಾಕಾರದಲ್ಲಿ ಕೆತ್ತಿ, ನಡುಭಾಗ ಉಬ್ಬಿ ನಿಲ್ಲುವಂತೆ ಮಾಡುತ್ತಾರೆ. ಕೆತ್ತಿದ ಬಳೆ ಅಗಲವಾಗಿದ್ದರೂ ನಿಜವಾಗಿ ಸ್ಪಷ್ಟ ನೋಟ ಕೊಡುವ ನಡುವಿನ ಉಬ್ಬು ಚಿಕ್ಕದು. ದೃಷ್ಟಿರೇಖೆ ಆ ಉಬ್ಬಿನ ನೆತ್ತಿಯ ಮೂಲಕ ಹೋಗಬೇಕು. ಪಕ್ಕದ ಇಳಿಜಾರಿನ ಮೂಲಕ ಹೋದರೆ ಪವರಿನ ಲೆಕ್ಕವೆಲ್ಲ ಸರಿಯಿದ್ದರೂ ನೋಟ ಕೆಡುತ್ತದೆ.

ಕೇಂದ್ರದ ಮಾತಿನಲ್ಲಿ ಹೆಚ್ಚಿನವರು ಮರೆಯುವ ಇನ್ನೊಂದು ಸಂಗತಿ ಕಣ್ಣಿನ ತಿರುಚು. ಕುಳಿತಾಗ ಅಳೆದ ಕಣ್ಣು ಮಲಗಿದಾಗ ತನ್ನ ಅಕ್ಷದ ಸುತ್ತ ಕೆಲವು ಡಿಗ್ರಿ ತಿರುಗುತ್ತದೆ, ಕೇಂದ್ರ ಕದಲದಿದ್ದರೂ. ಗೋಳದ ಪವರಿಗೆ ಇದರಿಂದ ತೊಂದರೆಯಿಲ್ಲ, ಸಿಲಿಂಡರಿಗೆ ಇದೆ. ಉಳಿದುಹೋಗುವ ಸಿಲಿಂಡರ್ ಎಂದರೆ ಮೂಲ ಸಿಲಿಂಡರಿನ ಎರಡರಷ್ಟನ್ನು ತಿರುಗಿದ ಕೋನದ ಸೈನ್‌ನಿಂದ ಗುಣಿಸಿದಷ್ಟು. ನಿಮ್ಮ ತಂಗಿಯ 1.50ಕ್ಕೆ 5 ಡಿಗ್ರಿ ತಪ್ಪಿದರೆ 0.26 ಉಳಿಯುತ್ತದೆ, 10 ಡಿಗ್ರಿ ತಪ್ಪಿದರೆ 0.52. 30 ಡಿಗ್ರಿ ತಪ್ಪಿದರೆ ಚಿಕಿತ್ಸೆ ಮಾಡಿದ್ದೂ ಮಾಡದಿದ್ದದ್ದೂ ಒಂದೇ. ಸಿಲಿಂಡರ್ ಇದ್ದಷ್ಟೇ ಇದ್ದು ಅದರ ಆಕ್ಸಿಸ್ (ದಿಕ್ಕು) ಮಾತ್ರ ಬೇರೆಯಾಗುತ್ತದೆ. ಕುಳಿತಿರುವಾಗಲೇ ಕಪ್ಪುಗುಡ್ಡೆಯ ಅಂಚಿನಲ್ಲಿ ಶಾಯಿಯ ಪೆನ್ನಿನಿಂದ ಎಡಕ್ಕೊಂದು ಬಲಕ್ಕೊಂದು ಚುಕ್ಕೆ ಇಡುತ್ತಾರೆಯೇ, ಅಥವಾ ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ಭಾಗದ) ಗೆರೆಗಳನ್ನು ಹೋಲಿಸಿ ಯಂತ್ರವೇ ತಿರುಚನ್ನು ಸರಿಪಡಿಸುತ್ತದೆಯೇ ಎಂದು ಕೇಳಿ.

ಮರುಪ್ರಶ್ನೆ
ಬರೆದವರು: ಹಾಸನದ ಅಣ್ಣ

ಮೂವರಿಗೂ ನಮಸ್ಕಾರ. ಪೆನ್‌ಟಾರ್ಚ್ ಅವರು ಹೇಳಿದಂತೆ ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಬಲಗಣ್ಣಿನ ಚುಕ್ಕೆ ಪಾಪೆಯ ನಡುವಿನಲ್ಲಿಲ್ಲ, ಮೂಗಿನ ಕಡೆ ಸ್ಪಷ್ಟವಾಗಿ ಸರಿದಿದೆ; ಎಡಗಣ್ಣಿನದು ಅಷ್ಟಿಲ್ಲ. ಅಮ್ಮನೂ ಬಂದು ನೋಡಿ, ಅತ್ತೆ ಇದ್ದಿದ್ದರೆ ನಾನು ಆಗಲೇ ಹೇಳಿರಲಿಲ್ಲವೇ ಎನ್ನುತ್ತಿದ್ದರು ಎಂದರು.

ಈಗ ಎರಡು ಸಂದೇಹಗಳಿವೆ. ಸರಿಸಬೇಕು ಎಂದಾದರೆ 0.43 ಪೂರ್ತಿ ಸರಿಸಬೇಕೇ, ಅದರಲ್ಲಿ ಒಂದು ಪಾಲು ಸಾಕೇ? ಎರಡನೆಯದು, ತಂಗಿಯ ಸಹೋದ್ಯೋಗಿಯೊಬ್ಬರು ಸ್ಮೈಲ್ ಎಂಬ, ಫ್ಲಾಪ್ ಇಲ್ಲದ ಲೇಸರ್ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಅದರಲ್ಲಿ ಈ ಕೇಂದ್ರದ ತಲೆನೋವೇ ಇಲ್ಲವೆಂದು ಅವರು ಹೇಳುತ್ತಾರೆ. ಅದು ನಿಜವೇ?

ಉತ್ತರ 4
ಬರೆದವರು: ನಿವೃತ್ತ ನೇತ್ರವೈದ್ಯ

ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಚಿಕ್ಕದು. ಸ್ಮೈಲ್ ನಮ್ಮಲ್ಲಿ ಬಹುಮಟ್ಟಿಗೆ ಮೈನಸ್ ಪವರಿನವರಿಗೆ ಮಾಡುವ ಚಿಕಿತ್ಸೆ, ಆದ್ದರಿಂದ ನಿಮ್ಮ ತಂಗಿಯ ಮಟ್ಟಿಗೆ ಆ ಚರ್ಚೆ ಬೇಡ. ಆದರೂ ಅದರಲ್ಲಿ ಕೇಂದ್ರದ ತಲೆನೋವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸ್ಮೈಲ್‌ಗೆ ಬಹುಕಾಲ ಬಳಕೆಯಲ್ಲಿದ್ದ ವಿಸುಮ್ಯಾಕ್ಸ್ ಯಂತ್ರದಲ್ಲಿ, ಲ್ಯಾಸಿಕ್‌ನಲ್ಲಿ ಕಾರ್ನಿಯಾ ಕೆತ್ತುವ ಎಕ್ಸೈಮರ್ ಯಂತ್ರಗಳಲ್ಲಿರುವಂಥ ಟ್ರ್ಯಾಕರ್ ಇಲ್ಲ. ರೋಗಿ ಮಿನುಗುವ ಹಸಿರು ದೀಪವನ್ನು ನೋಡುತ್ತಿರುವಾಗ ವೈದ್ಯರು ಬಾಗಿದ ಗಾಜನ್ನು ಕಾರ್ನಿಯಾಕ್ಕೆ ತಾಗಿಸುತ್ತಾರೆ, ಸ್ಥಾನ ಸರಿಯೆನಿಸಿದಾಗ ಹೀರುವಿಕೆ ಆರಂಭಿಸುತ್ತಾರೆ, ಅಲ್ಲಿಗೆ ಕೇಂದ್ರ ನಿಶ್ಚಯವಾಯಿತು. ಮನಸ್ಸಿಗೆ ಒಪ್ಪದಿದ್ದರೆ ಲೇಸರ್ ಆರಂಭಿಸುವ ಮೊದಲೇ ಬಿಡಿಸಿ ಮತ್ತೆ ಹಿಡಿಯಬೇಕು. ಅಲ್ಲಿ ಗೂಟ ನೆಡುವುದು ವೈದ್ಯರ ಕೈ ಮತ್ತು ರೋಗಿಯ ನೋಟ ಇಬ್ಬರ ಕೆಲಸ.

ಇನ್ನು ಎಷ್ಟು ಸರಿಸಬೇಕು ಎಂಬುದು. ಇದು ಹಳೆಯ ಜಗಳ. 1987ರಲ್ಲಿ ಉವೊಜಾಟೊ ಮತ್ತು ಗಯ್ಟನ್ ಎಂಬ ಇಬ್ಬರು, ಫೋವಿಯಾವನ್ನು ತಲುಪುವ ಬೆಳಕೆಲ್ಲ ಪಾಪೆಯ ಮೂಲಕವೇ ಹೋಗುವುದರಿಂದ ಚಿಕಿತ್ಸೆಯೂ ಪಾಪೆಯ ನಡುವನ್ನೇ ಕೇಂದ್ರವಾಗಿಟ್ಟುಕೊಳ್ಳಬೇಕೆಂದು ವಾದಿಸಿದರು. 1993ರಲ್ಲಿ ಪಾಂಡೆ ಮತ್ತು ಹಿಲ್‌ಮನ್ ಅಳತೆ ಮಾಡಿ, ದೃಷ್ಟಿರೇಖೆ ಕಾರ್ನಿಯಾವನ್ನು ದಾಟುವ ಜಾಗಕ್ಕೆ ಪಾಪೆಯ ನಡುವಿಗಿಂತ ಬೆಳಕಿನ ಚುಕ್ಕೆಯೇ ಹೆಚ್ಚು ಹತ್ತಿರ ಎಂದರು. ಇಂದಿಗೂ ಎರಡು ಪಕ್ಷಗಳಿವೆ. ನಿಮಗೆ ಸಿಕ್ಕ ಇಬ್ಬರು ವೈದ್ಯರು ಆ ಎರಡು ಪಕ್ಷಗಳವರು, ಅಷ್ಟೇ. ನನ್ನ ಕಾಲದಲ್ಲಿ ನಾನೂ ಬಹಳ ವರ್ಷ ಪಾಪೆಯ ಪಕ್ಷದಲ್ಲಿದ್ದೆ. ಮೈನಸ್ ಪವರಿನವರಲ್ಲಿ ಚುಕ್ಕೆಯೂ ನಡುವೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುವುದರಿಂದ ಯಾವ ಪಕ್ಷದಲ್ಲಿದ್ದರೂ ನಡೆಯುತ್ತದೆ. ಪ್ಲಸ್ ಪವರಿನವರು ಪಕ್ಷ ಬದಲಿಸುವಂತೆ ಮಾಡುತ್ತಾರೆ.

ಆದರೆ ಪೆನ್‌ಟಾರ್ಚ್ ಅವರು ಚುಕ್ಕೆಯ ಕಡೆ ಒಲಿದಷ್ಟು ನಾನು ಒಲಿಯಲಾರೆ. ಚುಕ್ಕೆಯೇ ದೃಷ್ಟಿರೇಖೆ ಅಲ್ಲ, ಅದಕ್ಕೆ ಹತ್ತಿರದ ಗುರುತು. ಜೊತೆಗೆ, ಸೂಕ್ಷ್ಮದರ್ಶಕದಲ್ಲಿ ವೈದ್ಯರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದರ ಮೇಲೂ ಚುಕ್ಕೆ ಅತ್ತಿತ್ತ ಸರಿದಂತೆ ಕಾಣಬಹುದು; ಆದ್ದರಿಂದ ಕಣ್ಣಳತೆಯಿಂದ ಸರಿಸುವುದಕ್ಕಿಂತ ಟೊಪೋಗ್ರಫಿ ಯಂತ್ರ ಅಳೆದ ಅಂಕಿಯನ್ನು ಲೇಸರ್‌ಗೆ ಕೊಡುವುದು ಮೇಲು. ವಲಯವನ್ನು ಪೂರ್ತಿ ಮೂಗಿನತ್ತ ಒಯ್ದರೆ ರಾತ್ರಿ ಪಾಪೆ ಹಿಗ್ಗಿದಾಗ ಕಿವಿಯ ಕಡೆಯ ಅಂಚು ತೆಳುವಾಗುತ್ತದೆ ಎಂಬುದೂ ಇದೆ. ರಾತ್ರಿಯ ಪಾಪೆ ದೊಡ್ಡದಿದ್ದರೆ ಹಲವು ಶಸ್ತ್ರವೈದ್ಯರು ಅರ್ಧ ಅಥವಾ ಮುಕ್ಕಾಲು ಪಾಲಷ್ಟೇ ಸರಿಸುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಕೆಲವು ಯಂತ್ರಗಳಲ್ಲಿ ವಲಯದ ನೆತ್ತಿಯನ್ನು ಚುಕ್ಕೆಯ ಮೇಲಿಟ್ಟು ಅಂಚನ್ನು ಪಾಪೆಗೆ ಹೊಂದಿಸುವ ಸೌಲಭ್ಯವೂ ಇದೆ, ಅದಿದ್ದರೆ ಈ ಹಂಚಿಕೆಯ ಕಷ್ಟ ತಪ್ಪುತ್ತದೆ.

ಒಂದು ಎಚ್ಚರಿಕೆ. ವೇವ್‌ಫ್ರಂಟ್ ನಕ್ಷೆಯನ್ನು (ಇಡೀ ಕಣ್ಣಿನ ದೃಷ್ಟಿದೋಷಗಳ ನಕ್ಷೆಯನ್ನು) ಆಧರಿಸಿದ ಚಿಕಿತ್ಸೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ, ಆ ನಕ್ಷೆ ಪಾಪೆಯ ನಡುವನ್ನು ಕೇಂದ್ರವಾಗಿಟ್ಟುಕೊಂಡೇ ಅಳೆದದ್ದು ಎಂಬುದು ನೆನಪಿರಲಿ. ಮರುಲೆಕ್ಕ ಮಾಡದೆ ಅದನ್ನು ಇಡಿಯಾಗಿ ಎತ್ತಿ ಚುಕ್ಕೆಯ ಮೇಲಿಟ್ಟರೆ, ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಪಕ್ಕದವರಿಗೆ ತೊಡಿಸಿದಂತಾಗುತ್ತದೆ. ಫ್ಲಾಪ್ ಸ್ವಲ್ಪ ಪಕ್ಕಕ್ಕೆ ಆಗಿದೆ ಎಂದು ಚಿಕಿತ್ಸೆಯ ನಂತರ ಯಾರಾದರೂ ಹೇಳಿದರೆ ಮಾತ್ರ ಗಾಬರಿಯಾಗಬೇಡಿ. ಫ್ಲಾಪ್ ಬಾಗಿಲು ಇದ್ದಂತೆ; ಕೆತ್ತನೆಯ ವಲಯ ಪೂರ್ತಿಯಾಗಿ ಅದರ ಒಳಗೆ ಬಿದ್ದಿದ್ದರೆ ಬಾಗಿಲಿನ ನಡು ಎಲ್ಲಿದ್ದರೂ ನೋಟಕ್ಕೆ ಬಾಧೆಯಿಲ್ಲ.

ವಿಷಯಕ್ಕೆ ಹೊರಗಿನ ಒಂದು ಮಾತನ್ನು ಮುದುಕನೆಂದು ಸಹಿಸಿಕೊಳ್ಳಿ. 193 ನ್ಯಾನೋಮೀಟರಿನ ಈ ಎಕ್ಸೈಮರ್ ಬೆಳಕು ಜೀವಕೋಶಗಳ ಪದರವನ್ನು ಸುಡದೆ ನವಿರಾಗಿ ತೆಗೆಯಬಲ್ಲದು ಎಂಬುದನ್ನು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡವರಲ್ಲಿ ಒಬ್ಬರು ಮದ್ರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಅವರು ಮೊದಲು ಪ್ರಯೋಗಿಸಿದ್ದು. ಆ ತುಣುಕಿಗೆ ಕೇಂದ್ರದ ಚಿಂತೆ ಇರಲಿಲ್ಲ. ಕಣ್ಣಿಗೆ ಬಂದಾಗಿನಿಂದ ನಮಗೆ ಅದೇ ಚಿಂತೆ.

ಉತ್ತರ 5
ಬರೆದವರು: ಕೋಟೆಯ ಊರಿನವನು

ನಿಮ್ಮ ತಂಗಿಗೆ ಒಂದೇ ಮಾತು ಹೇಳಿ. ಫ್ಲಾಪ್ ಎತ್ತಿದ ಮೇಲೆ ದೀಪ ಹರಡಿಕೊಳ್ಳುತ್ತದೆ, ಅದು ಸಹಜ. ಹರಡಿದ ಬೆಳಕಿನ ನಡುಭಾಗವನ್ನೇ ನೋಡುತ್ತಿರಬೇಕು. ಯಾವುದನ್ನು ನೋಡಬೇಕೆಂದು ತಿಳಿಯದಿದ್ದರೆ ತಲೆ ಅಲ್ಲಾಡಿಸದೆ ಬಾಯಿಬಿಟ್ಟು ಕೇಳಬೇಕು. ವೈದ್ಯರು ಲೇಸರ್ ನಿಲ್ಲಿಸಿ ಹೇಳುತ್ತಾರೆ, ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಲು ಯಂತ್ರಕ್ಕೆ ಬರುತ್ತದೆ. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಮುಂದಿನ ಸುದ್ದಿ
ಬರೆದವರು: ಹಾಸನದ ಅಣ್ಣ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೊದಲ ಆಸ್ಪತ್ರೆಗೆ ಮತ್ತೆ ಹೋಗಿದ್ದೆವು. ಹಳೆಯ ವರದಿಯನ್ನು ಪೆನ್‌ಟಾರ್ಚ್ ಅವರು ಹೇಳಿದಂತೆ ತೆಗೆದು ನೋಡಿದರೆ, 0.43 ಅಳೆದಾಗ ಬಲಗಣ್ಣಿನ ಪಾಪೆ 5.8 ಮಿ.ಮೀ. ಇತ್ತು, ಎಡಗಣ್ಣಿನದು 3.1. ಅಂದು ಹನಿ ಹಾಕುವಾಗ ಬಲಗಣ್ಣಿನಿಂದ ಆರಂಭಿಸಿ, ಎಡಗಣ್ಣಿಗೆ ಹಾಕುವ ಮೊದಲು ಯಂತ್ರದ ಕೋಣೆ ಖಾಲಿಯಾಗಿದೆಯೆಂದು ಕರೆದೊಯ್ದದ್ದು ತಂಗಿಗೆ ಆಗ ನೆನಪಾಯಿತು. ವೈದ್ಯರು ಬೇಸರಿಸಿಕೊಳ್ಳಲಿಲ್ಲ. ಹನಿ ಹಾಕದೆ, ಒಂದೇ ಬೆಳಕಿನಲ್ಲಿ ಮೂರು ಸಲ ಅಳೆಸಿದರು: 0.31, 0.33, 0.31. ಚುಕ್ಕೆ ಮೂಗಿನತ್ತ ಇರುವುದು ನಿಜವೇ, ಆದರೆ ಮೊದಲು ಹೇಳಿದಷ್ಟಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಸರಿಸುವುದಾಗಿ, ಸಿಲಿಂಡರ್‌ಗಾಗಿ ಕುಳಿತಿರುವಾಗಲೇ ಶಾಯಿಯ ಗುರುತು ಹಾಕುವುದಾಗಿ ಹೇಳಿ, ಎರಡನ್ನೂ ಯೋಜನೆಯ ಹಾಳೆಯಲ್ಲಿ ನಮ್ಮೆದುರೇ ಬರೆದರು. ದಿನಾಂಕ ಮುಂದಿನ ತಿಂಗಳ ಎರಡನೆಯ ವಾರ. ತಂಗಿ ಈಗ ರಾತ್ರಿ ಮಲಗುವ ಮೊದಲು ಕನ್ನಡಕ ತೆಗೆದು, ಛಾವಣಿಯ ಸಣ್ಣ ದೀಪ ಹರಡಿಕೊಂಡಾಗ ಅದರ ನಡುವನ್ನು ಕದಲದೆ ನೋಡುವ ಅಭ್ಯಾಸ ಮಾಡುತ್ತಿದ್ದಾಳೆ.